ಬಯೋಡೀಸೆಲ್ ಮಾಡಲು ಹೋಗಿ ಸೋಪು ಮಾಡಿದ್ದು

ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಕೊನೆಯ ವರ್ಷದ ನಾಲ್ಕು ಮಕ್ಕಳು ಪ್ರಾಜೆಕ್ಟಿಗೆ ಏನಾದರೂ ಕೊಡಿ ಸಾರ್ ಎಂದು ಬಂದಾಗ, ಕಿಟಕಿ ಆಚೆ ಹೊಂಗೆ ಮರ ಕಾಣಿಸಿತು. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡೋಣ ಎಂದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕೇ ಇದೆ. ಅಷ್ಟೆಲ್ಲ ಮಾಡಿರುವಾಗ ನಮ್ಮದೇನು ಮಹಾ, ಒಂದು ತಿಂಗಳ ಕೆಲಸ ಎಂದುಕೊಂಡಿದ್ದೆ.

ಹಳ್ಳಿಯಿಂದ ಬೀಜ ಆರಿಸಿ ತರುವ ಒಬ್ಬ ಅಜ್ಜಿಯ ಹತ್ತಿರ ಒಂದು ಗೋಣಿಚೀಲ ಕೊಂಡೆವು. ಮಿಲ್ಲಿನಲ್ಲಿ ಹಿಂಡಿಸಿದರೆ 10 ಕೆ.ಜಿ. ಬೀಜಕ್ಕೆ ಎರಡೂವರೆ ಲೀಟರ್ ಎಣ್ಣೆ ಬಂತು. ಕಂದು ಬಣ್ಣ, ಕಹಿ ವಾಸನೆ. ಅರ್ಧ ಲೀಟರ್ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಗೆ ಕಾಯಿಸಿದೆವು. ಎಣ್ಣೆಯ ಜೊತೆ ಸೇರಿ ಬಯೋಡೀಸೆಲ್ ಆಗುವ ಆಲ್ಕೋಹಾಲು ಮೆಥನಾಲ್. ಅದರ 100 ಮಿ.ಲೀ.ನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಸುರಿದೆವು. ಮೆಥನಾಲ್ ಸುಮಾರು 65 ಡಿಗ್ರಿಗೇ ಕುದಿಯುತ್ತದೆ, ಅದರ ಆವಿ ಕಣ್ಣು ಕಳೆಯುವಂಥದ್ದು. ಹಾಗಾಗಿ ಕಿಟಕಿ ಎಲ್ಲಾ ತೆಗೆದು, ಬೆಂಕಿ ಹತ್ತಿರ ಸುಳಿಯದ ಹಾಗೆ ನೋಡಿಕೊಂಡೆವು.

ಒಂದು ಗಂಟೆ ಕಲಕಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಕೆಳಗೆ ಕಪ್ಪು ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ಬಯೋಡೀಸೆಲ್ ಎರಡು ಪದರ ಆಗಿ ನಿಂತಿರಬೇಕಿತ್ತು. ನಿಂತದ್ದು ಒಂದೇ ಪದರ. ಗಂಜಿ ಹೆಪ್ಪುಗಟ್ಟಿದ ಹಾಗೆ. ಬಗ್ಗಿಸಿದರೂ ಬೀಳುತ್ತಿರಲಿಲ್ಲ. ಒಬ್ಬ ಹುಡುಗಿ ಚೂರು ತೆಗೆದು ನಲ್ಲಿ ಕೆಳಗೆ ಉಜ್ಜಿದಳು. ನೊರೆ ಬಂತು. "ಸಾರ್, ಸೋಪು!"

ತಪ್ಪು ನನ್ನದೇ. ಎಣ್ಣೆ ಎಷ್ಟು ಹುಳಿ ಎಂದು ಅಳೆಯುವ ಟೈಟ್ರೇಷನ್ ಪರೀಕ್ಷೆಯನ್ನು ಆಮೇಲೆ ಮಾಡಿದರಾಯಿತು ಎಂದು ಬಿಟ್ಟಿದ್ದೆ. ಎಣ್ಣೆ ಒಡೆದು ಹುಟ್ಟುವ ಬಿಡಿ ಕೊಬ್ಬಿನಾಮ್ಲ (ಫ್ರೀ ಫ್ಯಾಟಿ ಆಸಿಡ್) ಅದರಲ್ಲಿ ಜಾಸ್ತಿ ಇದ್ದರೆ ಕಾಸ್ಟಿಕ್ ಸೋಡಾ ಮೊದಲು ಅದನ್ನೇ ಹಿಡಿದು ಸೋಪು ಮಾಡುತ್ತದೆ. ಪರೀಕ್ಷೆ ಸುಲಭ. 1 ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಆಮ್ಲ ಮುಗಿದೊಡನೆ ಗುಲಾಬಿ ಆಗುವ ಫೀನಾಲ್ಫ್ಥಲೀನ್ ಎರಡು ಹನಿ ಹಾಕಿ, ಬ್ಯೂರೆಟ್ಟಿನಿಂದ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ಲೀಟರಿಗೆ 1 ಗ್ರಾಂ ಕಾಸ್ಟಿಕ್ ಇರುವ ನೀರು ಹನಿ ಹನಿ ಬಿಡಬೇಕು. ಗುಲಾಬಿ ಬಣ್ಣ ನಿಲ್ಲುವವರೆಗೆ ಎಷ್ಟು ಮಿ.ಲೀ. ಹೋಯಿತೋ, ಒಂದು ಲೀಟರ್ ಎಣ್ಣೆಗೆ ಮಾಮೂಲಿ 3.5 ಗ್ರಾಮಿನ ಮೇಲೆ ಅಷ್ಟು ಗ್ರಾಂ ಕಾಸ್ಟಿಕ್ ಸೇರಿಸಬೇಕು. ನಮ್ಮ ಎಣ್ಣೆಗೆ 9 ಮಿ.ಲೀ. ಹೋಯಿತು! ಮೂರು ಸಲ ಮಾಡಿದೆವು, ಮೂರು ಸಲವೂ ಅಷ್ಟೇ. ಇಷ್ಟು ಹುಳಿ ಎಣ್ಣೆಗೆ ಕಾಸ್ಟಿಕ್ ಏರಿಸುತ್ತಾ ಹೋದರೆ ಸೋಪೇ ಗತಿ. ಮೊದಲು ಸಲ್ಫ್ಯೂರಿಕ್ ಆಸಿಡ್ ಮತ್ತು ಮೆಥನಾಲ್ ಹಾಕಿ ಆಮ್ಲ ಇಳಿಸಿ, ಆಮೇಲೆ ಕಾಸ್ಟಿಕ್ ಹಾಕಬೇಕು. ಅದನ್ನೂ ಮಾಡಿದೆವು, ಬಯೋಡೀಸೆಲ್ ಬಂತು. ಆದರೆ ಖರ್ಚು, ಹೊತ್ತು ಎರಡೂ ಜಾಸ್ತಿ.

ಎಣ್ಣೆ ಯಾಕೆ ಇಷ್ಟು ಹುಳಿ? ಚೀಲ ಬಿಚ್ಚಿ ನೋಡಿದರೆ ತಳದ ಬೀಜ ಬೂಷ್ಟು ಹಿಡಿದಿತ್ತು. ತೇವ ಇದ್ದರೆ ಬೀಜದೊಳಗಿನ ಕಿಣ್ವ, ಬೂಷ್ಟು ಎರಡೂ ಸೇರಿ ಎಣ್ಣೆಯನ್ನು ಒಡೆದು ಆಮ್ಲ ಮಾಡುತ್ತವೆ. ಸರಿ, ಪ್ರಾಜೆಕ್ಟನ್ನೇ ತಿರುಗಿಸಿದೆವು. ಹೊಸ ಬೀಜ ತಂದು ಎರಡು ಪಾಲು ಮಾಡಿ, ಒಂದನ್ನು ತಾರಸಿ ಮೇಲೆ ಚೆನ್ನಾಗಿ ಒಣಗಿಸಿಟ್ಟೆವು. ಇನ್ನೊಂದನ್ನು ಒದ್ದೆ ಗೋಣಿಚೀಲದಲ್ಲಿ ಸುಮ್ನೆ ಮೂಲೆಗೆ ತಳ್ಳಿದೆವು. 40 ದಿನ ಬಿಟ್ಟು ಎರಡನ್ನೂ ಹಿಂಡಿಸಿ ನೋಡಿದರೆ, ಟೈಟ್ರೇಷನ್ನಿನಲ್ಲಿ ಒಣಗಿದ್ದಕ್ಕೆ 2 ಮಿ.ಲೀ. ಚಿಲ್ಲರೆ, ಒದ್ದೆಯದಕ್ಕೆ 8. ಒಣಗಿದ ಬೀಜದ ಎಣ್ಣೆ ಒಂದೇ ಹಂತದಲ್ಲಿ ಬಯೋಡೀಸೆಲ್ ಆಯಿತು. ಪದರ ಬೇರೆ ಆಗಿದ್ದು ನೋಡಿ ಹುಡುಗರು ಸಿಳ್ಳೆ ಹಾಕಿದರು.

ಬಯೋಡೀಸೆಲ್ಲಿನಲ್ಲಿ ಉಳಿದ ಸೋಪು, ಕಾಸ್ಟಿಕ್ ಹೋಗಲು ನೀರಿನಲ್ಲಿ ತೊಳೆಯುವಾಗ ಇನ್ನೊಂದು ಪಾಠ. ಅವಸರದಲ್ಲಿ ಬಾಟಲಿ ಕುಲುಕಿದ್ದಕ್ಕೆ ಎಲ್ಲಾ ಹಾಲಿನಂತಾಗಿ, ಬೇರೆ ಆಗಲು ಎರಡು ದಿನ ತೆಗೆದುಕೊಂಡಿತು. ಬಿಸಿನೀರನ್ನು ಮೇಲಿಂದ ಮೆಲ್ಲಗೆ ಇಳಿಬಿಟ್ಟರೆ ಸಾಕು. ಕೊನೆಗೆ 27 ಮಿ.ಲೀ. ಮೆಥನಾಲಿಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ನೋಡಿದೆವು. ಬದಲಾಗದ ಎಣ್ಣೆ ಉಳಿದಿದ್ದರೆ ತಳದಲ್ಲಿ ಕೂರುತ್ತದೆ. ನಮ್ಮದರಲ್ಲಿ ತಳ ತಿಳಿಯಾಗಿತ್ತು.

ಮರುವರ್ಷ ಬೀಜಕ್ಕೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿ, ಒಣಗಿಸಿ ಕೊಡಿ ಎಂದೆ.

"ಒಣಗಿಸಿದ್ರೆ ತೂಕ ಇಳೀತದಲ್ಲ ಮೇಷ್ಟ್ರೇ, ಆ ದುಡ್ಡು ಯಾರು ಕೊಡ್ತಾರೆ?"

ನಮ್ಮ ರಿಪೋರ್ಟಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕೆ.ಜಿ.ಗೆ ಮೂರು ರೂಪಾಯಿ ಜಾಸ್ತಿ ಕೊಟ್ಟು ತಂದೆವು. ಆಸಿಡ್ ಹಂತಕ್ಕೆ ಸುರಿದ ಮೆಥನಾಲಿನ ಲೆಕ್ಕ ಹಾಕಿ ನೋಡಿದರೆ, ಆಗಲೂ ನಮಗೇ ಲಾಭ.