ವಿಭಕ್ತಿ ಪ್ರತ್ಯಯ ಹಿಡಿದು ಬಜರ್ ಒತ್ತಿದೆವು: ಟಿವಿ ಕ್ವಿಜ್ ಫೈನಲ್‌ನ ನನ್ನ ಅನುಭವ

ಮೊದಲು ಗುಂಡಿ ಒತ್ತಿದ ತಂಡವೇ ಉತ್ತರ ಹೇಳುವ ಬಜರ್ ಸುತ್ತಿನಲ್ಲಿ ಪ್ರಶ್ನೆ ಮುಗಿಯುವ ತನಕ ಕಾಯಬೇಡಿ ಅಂತ ನಾನು ಮಕ್ಕಳಿಗೆ ಹೇಳಿಕೊಡಲು ಶುರು ಮಾಡಿದಾಗ ಶಾಲೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಮೈನಸ್ ಮಾರ್ಕ್ಸ್ ಇದೆ ಮೇಷ್ಟ್ರೇ, ಇದ್ದದ್ದೂ ಹೋಗತ್ತೆ’ ಅಂದರು ಹೆಡ್‌ಮಾಸ್ಟರು. ಪಕ್ಕದ ತಾಲ್ಲೂಕಿನಲ್ಲಿ ಕ್ವಿಜ್ ತಂಡ ನೋಡಿಕೊಳ್ಳುವ ಗೆಳೆಯರೂ ಅದನ್ನೇ ಹೇಳಿದರು. ಈ ವರ್ಷ ಕನ್ನಡ ವಾಹಿನಿಯೊಂದರ ಹೈಸ್ಕೂಲು ಕ್ವಿಜ್‌ನ ಫೈನಲ್ ಗೆದ್ದೆವು. ಗೆದ್ದದ್ದೂ ಬಜರ್ ಸುತ್ತಿನಲ್ಲೇ. ಹೇಗೆ ಮಾಡಿದೆ ಅಂತ ಫೋನ್ ಮಾಡಿ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ತಂಡ ಆರಿಸುವುದು, ಇಯರ್‌ಬುಕ್ ಓದಿಸುವುದು, ಪೇಪರ್ ಕಟಿಂಗ್ ಅಂಟಿಸುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಇಂಗ್ಲಿಷ್ ಕ್ವಿಜ್‌ನಲ್ಲಿ ಯಾರು, ಎಲ್ಲಿ, ಯಾವಾಗ ಅನ್ನುವುದು ಸಾಮಾನ್ಯವಾಗಿ ಪ್ರಶ್ನೆಯ ಶುರುವಿನಲ್ಲೇ ಬಂದುಬಿಡುತ್ತದೆ. ನಮ್ಮ ಕನ್ನಡದಲ್ಲಿ ಅದು ಹೆಚ್ಚಾಗಿ ಕೊನೆಗೆ ಬರುತ್ತದೆ. ಹಾಗಾಗಿ ಕನ್ನಡ ಕ್ವಿಜ್‌ನಲ್ಲಿ ಬೇಗ ಒತ್ತಿದವರು ಸೋಲುತ್ತಾರೆ ಅನ್ನುವ ನಂಬಿಕೆ ಬೆಳೆದಿದೆ. ನಾನು ಹಳೇ ಸಂಚಿಕೆಗಳನ್ನು ಹಾಕಿಕೊಂಡು ಕೂತು ಕೇಳಿದಾಗ ಬೇರೆಯದೇ ಕಾಣಿಸಿತು. ಯಾರು, ಎಲ್ಲಿ ಅನ್ನುವುದು ಕೊನೆಗೆ ಬಂದರೂ, ಅದರ ಸುಳಿವು ಎಷ್ಟೋ ಮೊದಲೇ ಪ್ರತ್ಯಯದಲ್ಲಿ ಬಂದಿರುತ್ತದೆ.

ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಯನ್ನೇ ತಗೊಳ್ಳಿ. ‘1962ರ ಸಾರ್ವತ್ರಿಕ ಚುನಾವಣೆಯಿಂದ ಬಳಕೆಯಲ್ಲಿರುವ ಈ ಶಾಯಿಯನ್ನು...’ ಅಂದರೆ ಮುಂದೆ ಬರುವುದು ‘ತಯಾರಿಸುವ ಸಂಸ್ಥೆ ಯಾವುದು’. ಉತ್ತರ ಮೈಸೂರು ಪೇಂಟ್ಸ್. ‘ಈ ಶಾಯಿಯಲ್ಲಿ...’ ಅಂದರೆ ಒಳಗಿರುವ ರಾಸಾಯನಿಕದ ಪ್ರಶ್ನೆ. ಉತ್ತರ ಸಿಲ್ವರ್ ನೈಟ್ರೇಟ್. ‘ಶಾಯಿ’ ಅಂದ ಕೂಡಲೇ ಒತ್ತಿದರೆ ಜೂಜು. ‘ಯನ್ನು’, ‘ಯಲ್ಲಿ’ ಕೇಳಿ ಒತ್ತಿದರೆ ಅದು ಲೆಕ್ಕ. ಮಧ್ಯದಲ್ಲಿರುವುದು ಅರ್ಧ ಸೆಕೆಂಡು, ಅಷ್ಟೇ. ಆ ಅರ್ಧ ಸೆಕೆಂಡಿಗಾಗಿಯೇ ನಾವು ಸುಮಾರು ಎರಡು ವರ್ಷ ದುಡಿದದ್ದು.

ನಮ್ಮ ಕನ್ನಡ ಮೇಡಂ ಇದಕ್ಕೆ ಜೊತೆಯಾದರು. ಅನ್ನು, ಇಂದ, ಗೆ, ಅಲ್ಲಿ ಎಲ್ಲವನ್ನೂ ಬಜರ್ ಜೊತೆಗೇ ಕಲಿಸಿದರು. ಪರೀಕ್ಷೆಯಲ್ಲಿ ವಿಭಕ್ತಿ ಅಂದರೆ ಮುಖ ಸಿಂಡರಿಸುತ್ತಿದ್ದ ಹುಡುಗರು ಈಗ ಟಿವಿ ನೋಡುವಾಗಲೂ ವಾಕ್ಯ ಅರ್ಧಕ್ಕೆ ತುಂಡು ಮಾಡಿ ಮುಂದಿನದು ಹೇಳುತ್ತಾರೆ.

ಅಭ್ಯಾಸ ಮಾಡಿಸಿದ್ದು ಹೀಗೆ. ನಾನು ಪ್ರಶ್ನೆಗಳನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಎಲ್ಲೆಂದರಲ್ಲಿ ನಿಲ್ಲಿಸುತ್ತಿದ್ದೆ. ಮಕ್ಕಳು ಉತ್ತರ ಹೇಳುವ ಹಾಗಿಲ್ಲ. ಪ್ರಶ್ನೆಯ ಉಳಿದ ಭಾಗ ಹೇಳಬೇಕು. ಮೊದಮೊದಲು ನಾಲ್ಕರಲ್ಲಿ ಒಂದು ಸರಿ ಬಂದರೆ ಹೆಚ್ಚು. ಕೊನೆಕೊನೆಗೆ ಹತ್ತರಲ್ಲಿ ಏಳಾದರೂ ಬರುತ್ತಿತ್ತು. ನನ್ನದೇ ದನಿ ಕೇಳಿ ಒಗ್ಗಿಹೋಗುತ್ತಾರೆ ಅಂತ ಆಮೇಲೆ ಊರಿನ ಬೇರೆ ಬೇರೆಯವರಿಂದ ಓದಿಸಿದೆ. ಅಂಚೆ ಅಣ್ಣ, ಬ್ಯಾಂಕಿನ ಮೇಡಂ, ಪ್ರಸಂಗ ಹೇಳುವ ಹಿರಿಯರೊಬ್ಬರು. ಒಬ್ಬೊಬ್ಬರು ಒಂದೊಂದು ಕಡೆ ಉಸಿರು ತೆಗೆದುಕೊಳ್ಳುತ್ತಾರೆ. ಕ್ವಿಜ್ ಮಾಸ್ಟರ್ ಉಸಿರು ತೆಗೆದುಕೊಳ್ಳುವ ಜಾಗದಿಂದ ಇನ್ನೊಂದು ಸುಳಿವು ಸಿಗುತ್ತದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮುಂದಿನ ವರ್ಷವೂ ನಮ್ಮ ತಂಡ ಇದೆ.

ಮೈನಸ್ ಅಂಕದ ಹೆದರಿಕೆಗೆ ನನ್ನ ಹತ್ತಿರ ಲೆಕ್ಕ ಇತ್ತು. ಸರಿಗೆ ಹತ್ತು, ತಪ್ಪಿಗೆ ಮೈನಸ್ ಐದು. ಮೂರು ಸಲ ಒತ್ತಿ ಒಂದು ಸರಿಯಾದರೂ ಕೈಯಿಂದ ಏನೂ ಹೋಗುವುದಿಲ್ಲ. ಎರಡು ಸರಿಯಾದರೆ ಹದಿನೈದು ಲಾಭ. ಮೇಲಾಗಿ ಈ ಕಾರ್ಯಕ್ರಮದಲ್ಲಿ ತಪ್ಪು ಹೇಳಿದರೆ ಪ್ರಶ್ನೆ ಬೇರೆ ತಂಡಕ್ಕೆ ಹೋಗುವುದಿಲ್ಲ. ಪ್ರಶ್ನೆ ಪಾಸ್ ಆಗುವ ಕಡೆ ಈ ಲೆಕ್ಕ ನಡೆಯಲ್ಲ, ನಿಯಮದ ಹಾಳೆ ಮೊದಲು ಓದಿಕೊಳ್ಳಿ.

ಇನ್ನು ಬಜರ್ ಮಾಡಿದ ಕಥೆ. ಮೊದಲು ಕಾಲಿಂಗ್ ಬೆಲ್ ಸ್ವಿಚ್ಚು, ಬಣ್ಣದ ಬಲ್ಬು ಹಾಕಿದೆ. ಎರಡು ಬಲ್ಬು ಒಟ್ಟಿಗೆ ಹತ್ತಿದಾಗ ಯಾರು ಮೊದಲು ಅಂತ ಜಗಳವೇ ಜಗಳ. ಆಮೇಲೆ ಮೊಬೈಲ್ ಆ್ಯಪ್. ಹಾಟ್‌ಸ್ಪಾಟ್‌ನಲ್ಲಿ ಒಂದು ಫೋನಿನದು ಬೇಗ ಹೋಗುತ್ತಿತ್ತು, ಇನ್ನೊಂದರದು ತಡ. ಅರ್ಧ ಸೆಕೆಂಡಿನ ಆಟದಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಒಬ್ಬರು ಒತ್ತಿದ ಮೇಲೆ ಉಳಿದವರ ಗುಂಡಿ ಕೆಲಸ ಮಾಡದ ಹಾಗೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಹಾಕಿ ಲಾಕ್ ಮಾಡಿದ್ದು ಒಂದಷ್ಟು ದಿನ ಚೆನ್ನಾಗಿತ್ತು, ಆಮೇಲೆ ಕಾಂಟ್ಯಾಕ್ಟ್ ಕರಟಿಹೋಯಿತು. ಕೊನೆಗೆ ಆರ್ಡುಯಿನೋ ನ್ಯಾನೋ ಅನ್ನುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡು ತಂದು, ಹಳೇ ವಿದ್ಯಾರ್ಥಿಯೊಬ್ಬನಿಂದ ಪ್ರೋಗ್ರಾಂ ಬರೆಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗೈ ಅಗಲದ ಕೆಂಪು ಗುಂಡಿಗಳು ಸಿಕ್ಕವು. ಎಲ್ಲ ಸೇರಿ ಎರಡು ಸಾವಿರದ ಆಚೀಚೆ ಆಯಿತು. ಹಾಳಾದದ್ದನ್ನೂ ಸೇರಿಸಿದರೆ ಐದಕ್ಕೆ ಹತ್ತಿರ.

ಅಂಗೈ ಅಗಲದ ಗುಂಡಿಯೇ ಯಾಕೆ ಅಂದರೆ, ಲೀಗ್ ಸುತ್ತಿಗೆ ಹೋದಾಗ ಸ್ಟುಡಿಯೋದ ಗುಂಡಿಯ ಸ್ಪ್ರಿಂಗ್ ಬಹಳ ಗಟ್ಟಿ ಇತ್ತು. ಬೆರಳಲ್ಲಿ ಒತ್ತಿದರೆ ಪೂರ್ತಿ ಇಳಿಯುತ್ತಿರಲಿಲ್ಲ. ಮನೆಗೆ ಬಂದವನೇ ನಮ್ಮ ಗುಂಡಿಯ ಒಳಗೂ ಗಟ್ಟಿ ಸ್ಪ್ರಿಂಗ್ ಕೂರಿಸಿದೆ. ಅಂಗೈಯ ಬುಡ ಗುಂಡಿಯ ಮೇಲೇ ಇರಬೇಕು, ಮೊಣಕೈ ಮೇಜಿಗೆ ತಾಗಬಾರದು, ಭುಜದಿಂದ ಒತ್ತಬೇಕು. ಸ್ಟುಡಿಯೋದಲ್ಲಿ ಎ.ಸಿ. ಎಷ್ಟು ಚಳಿ ಅಂದರೆ ಹುಡುಗರ ಬೆರಳು ಮರಗಟ್ಟಿದ್ದವು. ಫೈನಲ್‌ಗೆ ಯೂನಿಫಾರ್ಮಿನ ಒಳಗೆ ಉದ್ದ ತೋಳಿನ ಬನಿಯನ್ ಹಾಕಿಸಿ ಕರೆದುಕೊಂಡು ಹೋದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮುಖಕ್ಕೆ ಹ್ಯಾಲೋಜನ್ ದೀಪ ಬಿಟ್ಟು ಅಭ್ಯಾಸ ಮಾಡಿಸಿದ್ದು ಒಳ್ಳೆಯದಾಯಿತು. ಹಾಡು ಹಾಕಿ ಗಲಾಟೆಯಲ್ಲಿ ಓದಿಸಿದ್ದರಿಂದ ಏನೂ ಸಿಗಲಿಲ್ಲ, ಸ್ಟುಡಿಯೋ ನಿಶ್ಶಬ್ದ ಇರುತ್ತದೆ. ಮಕ್ಕಳಿಂದಲೇ ಪ್ರಶ್ನೆ ಬರೆಸಿದ್ದು ಮಾತ್ರ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಪ್ರಶ್ನೆ ಕಟ್ಟುವವನಿಗೆ ಅದು ಎಲ್ಲಿ ತಿರುಗುತ್ತದೆ ಅಂತ ಗೊತ್ತಿರುತ್ತದೆ, ಅಲ್ವಾ? ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯ ಪ್ರಶ್ನೆಗಳನ್ನು ಬರೆದುಕೊಂಡು, ಅದೇ ವಿಷಯಕ್ಕೆ ಬೇರೆ ಕೊನೆ ಜೋಡಿಸುವುದು ಮಕ್ಕಳ ಸಂಜೆಯ ಆಟವಾಗಿತ್ತು.

ಫೈನಲ್‌ನಲ್ಲಿ ನಾಲ್ಕು ತಂಡ. ಮೂರು ದೊಡ್ಡ ಊರಿನ ಶಾಲೆಗಳು, ನಾವೊಬ್ಬರೇ ಹಳ್ಳಿಯವರು. ಚಿತ್ರದ ಸುತ್ತಿನಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವ ಜಾಗ ಕೇಳಿದರು. ಹುಬ್ಬಳ್ಳಿಯ ಬೆಂಗೇರಿ ಅಂತ ನಮ್ಮವರು ತಕ್ಷಣ ಹೇಳಿದರು. ಆದರೂ ಬಜರ್ ಸುತ್ತಿಗೆ ಬರುವಾಗ ನಾವು ಮೂರನೇ ಜಾಗದಲ್ಲಿ, ಮೊದಲಿನವರಿಗಿಂತ ಇಪ್ಪತ್ತೈದು ಅಂಕದಷ್ಟು ಹಿಂದೆ.

ಮೊದಲನೆಯದೇ ಕೈಕೊಟ್ಟಿತು. ‘1967ರ ಜ್ಞಾನಪೀಠ ಪ್ರಶಸ್ತಿಯನ್ನು’ ಅಂದ ಕೂಡಲೇ ನಮ್ಮ ಹುಡುಗ ಒತ್ತಿ ಕುವೆಂಪು ಅಂದ. ಪ್ರಶ್ನೆ ಇದ್ದದ್ದು ಕುವೆಂಪು ಅವರೊಂದಿಗೆ ಹಂಚಿಕೊಂಡ ಗುಜರಾತಿ ಕವಿಯ ಬಗ್ಗೆ, ಉಮಾಶಂಕರ ಜೋಶಿ. ಮೈನಸ್ ಐದು. ಪ್ರೇಕ್ಷಕರ ಸಾಲಿನಲ್ಲಿ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ ನೋಡಿದರು. ನಾನು ಮಕ್ಕಳಿಗೆ ಮೊದಲೇ ಹೇಳಿದ್ದೆ, ಒಂದು ಹೋದರೆ ಕೈ ಹಿಂದೆ ತೆಗೆಯಬೇಡಿ ಅಂತ. ಅವರು ತೆಗೆಯಲಿಲ್ಲ.

ಎಂ.ವಿ. ಗೋಪಾಲಸ್ವಾಮಿಯವರ ಹೆಸರು ಬಂದ ಪ್ರಶ್ನೆಯಲ್ಲಿ ‘1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ’ ಅನ್ನುವಷ್ಟರಲ್ಲಿ ಒತ್ತಿದರು. ಅವರು ಶುರು ಮಾಡಿದ ರೇಡಿಯೋ ಕೇಂದ್ರದ ಹೆಸರು ಆಕಾಶವಾಣಿ, ಸರಿ. ಹೀಗೇ ಇನ್ನೊಂದೆರಡು ಬಂದವು. ಕೊನೆಯ ಪ್ರಶ್ನೆಗೆ ನಾವೂ ಮೊದಲ ತಂಡವೂ ಸಮ.

‘ಶಿವನಸಮುದ್ರದಿಂದ 1902ರಲ್ಲಿ...’ ಅಂತ ಶುರುವಾಯಿತು. ನಮ್ಮ ಎಂಟನೇ ಕ್ಲಾಸಿನ ಹುಡುಗಿ ಅಲ್ಲೇ ಒತ್ತಿದಳು. ಕ್ವಿಜ್ ಮಾಸ್ಟರ್ ಹುಬ್ಬು ಏರಿಸಿದರು. ‘ಕೋಲಾರದ ಚಿನ್ನದ ಗಣಿಗೆ ಸಾರ್, ಕರೆಂಟು’ ಅಂದಳು. ಸರಿ. ಆಮೇಲೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: ‘ಶಿವನಸಮುದ್ರದಲ್ಲಿ ಅಂದಿದ್ರೆ ಕಾಯ್ತಿದ್ದೆ ಸಾರ್, ನದಿ ಕೇಳಬಹುದಿತ್ತು, ದಿವಾನರನ್ನ ಕೇಳಬಹುದಿತ್ತು. ಇಂದ ಅಂದ್ರಲ್ಲ, ಇನ್ನು ಎಲ್ಲಿಗೆ ಅಂತಾನೇ ಕೇಳಬೇಕು. ಬೆಂಗಳೂರಿನ ಬೀದಿಗೆ ಬಂದಿದ್ದು 1905ರಲ್ಲಿ.’

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹೊನ್ನಾಳಿ ಕಡೆಯಿಂದ ಬೆಂಗಳೂರಿಗೆ ಹೋಗಿ ಬರಲು ವ್ಯಾನಿಗೆ ಒಂದು ಸಲಕ್ಕೆ ಎಂಟು ಸಾವಿರದ ಮೇಲೆ, ಡ್ರೈವರ್ ಬಾಟಾ ಬೇರೆ. ರೂಮು, ಊಟ, ಹೊಸ ಯೂನಿಫಾರ್ಮು ಸೇರಿ ಒಟ್ಟು ಮೂವತ್ತು ಸಾವಿರ ದಾಟಿತು. ಅರ್ಧ ಎಸ್.ಡಿ.ಎಂ.ಸಿ.ಯವರು (ಶಾಲಾಭಿವೃದ್ಧಿ ಸಮಿತಿ), ಹಳೇ ವಿದ್ಯಾರ್ಥಿಗಳು ಹಾಕಿದರು. ಉಳಿದದ್ದು ನಾನೂ ಕನ್ನಡ ಮೇಡಂ ಹಂಚಿಕೊಂಡೆವು. ಬಹುಮಾನದ ಹಣ ಮಕ್ಕಳ ಬ್ಯಾಂಕ್ ಖಾತೆಗೆ ಹೋಯಿತು. ಚಿತ್ರೀಕರಣ ಇಡೀ ದಿನ ಹಿಡಿಯುತ್ತದೆ, ಮಧ್ಯಾಹ್ನದ ಊಟ ಸಿಗುವಾಗ ಮೂರು ಗಂಟೆಯಾಗಬಹುದು. ಚಪಾತಿ, ಬಾಳೆಹಣ್ಣು ಕಟ್ಟಿಕೊಂಡೇ ಹೋಗಿ.