ಗಾಡಿ ನಿಲ್ಲಿಸಿ ಊರು ಆರಿಸುವುದು ಹೇಗೆ?

ಡಿಸೆಂಬರಿನಲ್ಲಿ ಮನೆ ನೋಡಿ, ಖುಷಿಯಾಗಿ, ನಿಂತ ಕಾಲಲ್ಲೇ ಅಡ್ವಾನ್ಸ್ ಕೊಟ್ಟವರನ್ನು ನಾನು ಮೂರು ಸಲ ನೋಡಿದ್ದೇನೆ. ಮೂವರೂ ನಮ್ಮ ಹಾಗೆ ಮೋಟರ್‌ಹೋಮಿನಲ್ಲಿ ವರ್ಷಗಟ್ಟಲೆ ಊರೂರು ಸುತ್ತಿ, ‘ಸಾಕಪ್ಪ, ಇನ್ನು ಉಡುಪಿ ಕಡೆ ಎಲ್ಲಾದರೂ ಇದ್ದುಬಿಡೋಣ’ ಅಂದುಕೊಂಡವರು. ಮೂವರ ಬಾವಿಯೂ ಏಪ್ರಿಲ್ ಹೊತ್ತಿಗೆ ಉಪ್ಪಾಯಿತು. ಮಲಗಲು ಹಾಸಿಗೆ, ಬೇಯಿಸಲು ಒಲೆ ಎರಡೂ ಗಾಡಿಯಲ್ಲೇ ಇರುವಾಗ ಅವಸರ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಗಾಡಿಯಲ್ಲೇ ಕೂತು ನಿಧಾನವಾಗಿ ಊರು ಆರಿಸುವ ಕ್ರಮ ಹೀಗಿದೆ.

1. ಎರಡು ಸಲ ಬನ್ನಿ

ನವೆಂಬರ್ ಕಳೆದ ಮೇಲೆ ಒಂದು ತಿಂಗಳು, ಏಪ್ರಿಲ್–ಮೇನಲ್ಲಿ ಹದಿನೈದು ದಿನ. ಒಂದೇ ಸಲ ಬರಲು ಸಾಧ್ಯ ಅಂತಾದರೆ ಬೇಸಿಗೆಯಲ್ಲೇ ಬನ್ನಿ. ಬೆವರು ಸುರಿಯುತ್ತದೆ, ಸುರಿಯಲಿ. ಮಳೆಗಾಲದಲ್ಲಿ ಮಾತ್ರ ಗಾಡಿಯಲ್ಲಿ ಇರಬೇಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಕರಾವಳಿ ಇದು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಾಸಿಗೆ, ಬಟ್ಟೆ, ಬೆಲ್ಟು ಎಲ್ಲಕ್ಕೂ ಬೂಸ್ಟು ಬರುತ್ತದೆ.

2. ಯಾರದಾದರೂ ಅಂಗಳದಲ್ಲಿ ನಿಲ್ಲಿಸಿ

ಮಲ್ಪೆ, ಕಾಪು ಬೀಚು ನೋಡಲು ಚಂದ. ವಾರಗಟ್ಟಲೆ ಗಾಡಿ ನಿಲ್ಲಿಸುವ ಜಾಗ ಅಲ್ಲ, ಭಾನುವಾರ ಬಾಗಿಲು ತೆಗೆಯಲೂ ಆಗುವುದಿಲ್ಲ. ಹೂಡೆ, ಕೆಮ್ಮಣ್ಣು ಕಡೆ ಒಳಗಿನ ರಸ್ತೆಗೆ ಇಳಿಯಿರಿ. ಮೊದಲು ಸಿಗುವ ದಿನಸಿ ಅಂಗಡಿಯಲ್ಲಿ ‘ಒಂದು ತಿಂಗಳು ಗಾಡಿ ನಿಲ್ಲಿಸಲಿಕ್ಕೆ ಜಾಗ ಉಂಟಾ?’ ಅಂತ ಕೇಳಿ. ದಿನಕ್ಕೆ ಎಷ್ಟು, ಕರೆಂಟಿಗೆ ಎಷ್ಟು ಅಂತ ಮೊದಲೇ ಮಾತಾಡಿ. ಸಂಕೋಚ ಪಟ್ಟರೆ ಕೊನೆಯ ದಿನ ಇಬ್ಬರಿಗೂ ಮುಜುಗರ.

ತೆಂಗಿನ ಮರದ ಕೆಳಗೆ ಬೇಡವೇ ಬೇಡ. ನಮ್ಮ ಗಾಡಿಯ ಮಾಡಿನ ಫ್ಯಾನಿನ ಮುಚ್ಚಳ ಹೋದದ್ದು ರಾತ್ರಿ ಎರಡು ಗಂಟೆಗೆ ಬಿದ್ದ ಒಂದೇ ಒಂದು ಒಣ ಕಾಯಿಯಿಂದ. ಮಾವಿನ ಮರದ ಕೆಳಗೆ ಕೆಂಜಿಗ ಇದೆಯಾ ನೋಡಿ. ಟೈರಿನ ಕೆಳಗೆ ಹಲಗೆ ಕೊಡಿ, ಅರ್ಧ ನೀರು ತುಂಬಿದ ಬಾಟಲಿಯನ್ನು ಗಾಡಿಯ ಅಡುಗೆ ಕಟ್ಟೆಯ ಮೇಲೆ ಮಲಗಿಸಿ ಗಾಡಿ ಮಟ್ಟವಾಗಿದೆಯಾ ಪರೀಕ್ಷಿಸಿ. ಕಡಲ ಗಾಳಿಯ ಉಪ್ಪಿಗೆ ವಾರಕ್ಕೊಮ್ಮೆ ಗಾಡಿಯ ಅಡಿಭಾಗಕ್ಕೆ ಸಿಹಿ ನೀರು ಹಾಯಿಸಬೇಕು. ತುಕ್ಕು ತಡೆಯುತ್ತದೆ ಅಂತ ಆನ್‌ಲೈನಿನಲ್ಲಿ ಮಾರುವ ಅಗ್ಗದ ಸ್ಪ್ರೇಗಳು ಎರಡನೇ ತೊಳೆತಕ್ಕೆ ಮಾಯ. ಬೋಲ್ಟು, ಬಾಗಿಲ ಕೀಲುಗಳಿಗೆ ಗ್ರೀಸ್ ಹಚ್ಚಿ, ಸಾಕು.

3. ಊರಿನವರ ಹಾಗೆ ಇರಿ

ದೇವಸ್ಥಾನ, ಬೀಚು ಅಂತ ಸುತ್ತುವುದನ್ನು ಒಂದು ವಾರಕ್ಕೆ ಮುಗಿಸಿ. ಆಮೇಲೆ ಮೀನು ತನ್ನಿ, ಬ್ಯಾಂಕಿಗೆ ಹೋಗಿ, ಮಣಿಪಾಲದ ಆಸ್ಪತ್ರೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಅಂತ ಗಡಿಯಾರ ನೋಡಿ. ಅರುವತ್ತು ದಾಟಿದವರಿಗೆ ಇದು ಸಮುದ್ರಕ್ಕಿಂತ ಮುಖ್ಯ.

4. ಬಾವಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಹೂಡೆಯಿಂದ ಕೋಡಿ ಬೆಂಗ್ರೆಯವರೆಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸುವರ್ಣಾ ನದಿ. ಮಳೆಗಾಲದಲ್ಲಿ ಇಂಗಿದ ಸಿಹಿ ನೀರು ನೆಲದೊಳಗೆ ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ, ಅದು ಹಗುರ. ಬೇಸಿಗೆಗೆ ಮೇಲಿನ ಪದರ ತೆಳ್ಳಗಾಗುತ್ತದೆ. ಪಂಪ್ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಜೊತೆಗೆ ನದಿಯಲ್ಲಿ ಹರಿವು ಕಡಿಮೆಯಾದಾಗ ಭರತದ, ಅಂದರೆ ಸಮುದ್ರ ಉಬ್ಬುವ ಹೊತ್ತಿನ, ನೀರು ಒಳಗೆ ನುಗ್ಗುತ್ತದೆ. ಅದಕ್ಕೇ ಡಿಸೆಂಬರಿನ ಸಿಹಿ ನೀರನ್ನು ನಂಬಬಾರದು.

ಮನೆ ನೋಡಲು ಹೋದಾಗ ನಲ್ಲಿ ನೀರು ಕುಡಿದು ‘ಚೆನ್ನಾಗಿದೆ’ ಅನ್ನಬೇಡಿ. ಆ ಟ್ಯಾಂಕಿಗೆ ಪಂಚಾಯಿತಿ ನೀರೋ ಟ್ಯಾಂಕರ್ ನೀರೋ ಬಿಟ್ಟಿರಬಹುದು. ಹಗ್ಗ, ಕೊಡಪಾನ ಕೇಳಿ ಬಾವಿಯಿಂದಲೇ ಸೇದಿ. ಮೊದಲ ಕೊಡ ಮೇಲ್ಪದರದ್ದು. ಅದನ್ನು ಟಿಡಿಎಸ್ ಪೆನ್ನಿನಲ್ಲಿ (ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಸಣ್ಣ ಮೀಟರ್) ಅಳೆದು ಬರೆದಿಡಿ. ಆಮೇಲೆ ಅರ್ಧ ಗಂಟೆ ಪಂಪ್ ಓಡಿಸಲು ಹೇಳಿ, ಮತ್ತೆ ಅಳೆಯಿರಿ. ಅಂಕಿ ಏರುತ್ತಾ ಹೋದರೆ ಬೇಸಿಗೆಯ ಕಥೆ ಏನು ಅಂತ ಆಗಲೇ ಗೊತ್ತಾಯಿತು. ನದಿ ಹತ್ತಿರದ ಬಾವಿಯಾದರೆ ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 500 ಮಿಲಿಗ್ರಾಂ ಅನ್ನುತ್ತದೆ. ಬೇರೆ ನೀರೇ ಇಲ್ಲದಿದ್ದರೆ 2,000 ವರೆಗೆ. ನಾನು 500 ದಾಟಿದ ಬಾವಿಯ ಮನೆಗೆ ಎರಡನೇ ಸಲ ಹೋಗುವುದಿಲ್ಲ.

ಪೆನ್ನಿನ ಬಗ್ಗೆಯೂ ಹೇಳಬೇಕು. ನಾವು ಮೊದಲು ತಂದದ್ದು ಆರ್‌ಒ ನೀರಿಗೂ ಬಾವಿ ನೀರಿಗೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತಿತ್ತು. ಒಂದು ಲೀಟರ್ ಆರ್‌ಒ ನೀರಿಗೆ ಒಂದು ಗ್ರಾಂ ಉಪ್ಪು ಕರಗಿಸಿ ಅದ್ದಿ. ಸುಮಾರು 1,000 ಬರಬೇಕು. ಬರದಿದ್ದರೆ ಬಿಸಾಡಿ. ಪೆನ್ನಿಗೆ ಕ್ರಿಮಿ ಕಾಣಿಸುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು.

ಇಷ್ಟೆಲ್ಲ ಮಾಡಿಯೂ ಒಂದು ಕೆಲಸ ಬಾಕಿ. ಪಕ್ಕದ ಮನೆಯವರನ್ನು ಕೇಳುವುದು. ಬ್ರೋಕರ್‌ನನ್ನು ಬಿಟ್ಟು, ಒಬ್ಬರೇ ಹೋಗಿ. ನಾವು ಹಾಗೆ ಹೋದಾಗ ಅಂಗಳ ಗುಡಿಸುತ್ತಿದ್ದ ಅಮ್ಮ ಪೊರಕೆ ಕೆಳಗಿಟ್ಟು ಹೇಳಿದರು: ‘ಈಗ ಸಿಹಿ ಉಂಟು ಮಾರಾಯ್ರೇ. ಕಿಂಡಿ ಅಣೆಕಟ್ಟಿಗೆ ಸಮ ಹಲಗೆ ಹಾಕಿದ್ರೆ ತೊಂದರೆ ಇಲ್ಲ. ತಡ ಮಾಡಿದ್ರೆ ಬಿಸುಗೆ ಗಂಜಿಗೆ ಉಪ್ಪು ಹಾಕುದೇ ಬೇಡ.’ ಬಿಸು ಅಂದರೆ ಏಪ್ರಿಲ್ ನಡುವೆ ಬರುವ ತುಳುವರ ಹೊಸ ವರ್ಷ. ಮಳೆ ನಿಂತ ಮೇಲೆ ಆ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಇಳಿಸಿ, ಸಿಹಿ ನೀರು ನಿಲ್ಲಿಸಿ, ಭರತದ ನೀರನ್ನು ತಡೆಯುತ್ತಾರೆ. ನಮಗೆ ಇದನ್ನು ಬ್ರೋಕರ್ ಹೇಳಿರಲಿಲ್ಲ. ‘ಆರ್‌ಒ ಹಾಕಿಸಿದ್ರೆ ಆಯ್ತಲ್ಲ ಸಾರ್’ ಅಂದಿದ್ದ. ಸ್ನಾನಕ್ಕೆ, ಬಟ್ಟೆಗೆ, ಗೀಸರಿಗೆ ಯಾರು ಆರ್‌ಒ ಹಾಕಿಸುತ್ತಾರೆ? ಉಪ್ಪು ನೀರಿನಲ್ಲಿ ಸಾಬೂನಿನ ನೊರೆಯೇ ಬರುವುದಿಲ್ಲ. ಒಂದು ಏಪ್ರಿಲಿನಲ್ಲಿ ಅಂಥ ನೀರನ್ನು ಗಾಡಿಯ ಟ್ಯಾಂಕಿಗೆ ತುಂಬಿ, ಮೇ ಮುಗಿಯುವುದರೊಳಗೆ ಹೊಸ ಪಂಪ್ ಕೊಂಡವರು ನಾವು.

5. ಮೊದಲು ಬಾಡಿಗೆ, ಆಮೇಲೆ ಕಾಗದ

ಹನ್ನೊಂದು ತಿಂಗಳ ಕರಾರು ಮಾಡಿ ಬಾಡಿಗೆಗೆ ಇದ್ದು, ಒಂದು ಮಳೆಗಾಲ ದಾಟಿ. ಕೊಳ್ಳುವುದಾದರೆ ಪಹಣಿ, ಕನ್ವರ್ಶನ್ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸಿದ) ಆದೇಶದ ಜೊತೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮಕ್ಕೆ ಜಾಗ ಸಿಗುತ್ತದೆಯಾ ಅಂತಲೂ ವಕೀಲರಿಂದ ನೋಡಿಸಿ. ಆ ನಿಯಮ ಸಮುದ್ರದ ದಂಡೆಗೆ ಮಾತ್ರ ಅಂದುಕೊಳ್ಳಬೇಡಿ, ಭರತ ಏರುವ ನದಿಯ ದಂಡೆಗೂ ಇದೆ. ಗಾಡಿ ಬೇರೆ ರಾಜ್ಯದ ನಂಬರಿನದ್ದಾದರೆ, ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಾಗ ನೋಂದಣಿ ಬದಲಿಸಬೇಕು.

6. ಗಾಡಿ ಮಾರಬೇಡಿ

ಮೊದಲ ವರ್ಷವಂತೂ ಬೇಡ. ಮನೆ ಹಿಡಿಸದಿದ್ದರೆ ಎಲ್ಲಿಗೆ ಹೋಗುತ್ತೀರಿ? ಟ್ಯಾಂಕ್ ಖಾಲಿ ಮಾಡಿ, ಗ್ಯಾಸ್ ಸಿಲಿಂಡರ್ ಹೊರಗೆ ತೆಗೆದು, ತಿಂಗಳಿಗೊಮ್ಮೆ ಎಂಟು–ಹತ್ತು ಕಿಲೋಮೀಟರ್ ಓಡಿಸಿ. ಲೆಡ್ ಆ್ಯಸಿಡ್ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿಳಿದರೆ ಚಾರ್ಜಿಗೆ ಹಾಕಿ. ಬಾನೆಟ್ ಒಳಗೆ ಇಲಿ ಬರದ ಹಾಗೆ ನೋಡಿಕೊಳ್ಳಿ, ನಿಂತ ಗಾಡಿಯ ವೈರ್ ಅಂದರೆ ಅವಕ್ಕೆ ಪ್ರಾಣ. ನಮ್ಮದು ಈಗ ಬಾಡಿಗೆ ಮನೆಯ ಅಂಗಳದಲ್ಲಿದೆ. ಮಧ್ಯಾಹ್ನ ಊಟವಾದ ಮೇಲೆ ನನ್ನ ಹೆಂಡತಿ ಇವತ್ತಿಗೂ ಅದರಲ್ಲೇ ಹೋಗಿ ಮಲಗುತ್ತಾಳೆ.