ಹಳೇ ಎಚ್‌ಎಂಟಿ ಕೊಳ್ಳುವ ಮುಂಚೆ ಹಿಂದಿನ ಮುಚ್ಚಳ ತೆಗೆಸಿ

ನಾನು ಮೊದಲು ಕೊಂಡ ಹಳೇ ಎಚ್‌ಎಂಟಿ ಪೈಲಟ್ ವಾಚಿಗೆ ಕಿತ್ತಳೆ ಬಣ್ಣದ ಡಯಲ್ ಇತ್ತು. ಫಳಫಳ ಹೊಳೆಯುತ್ತಿತ್ತು. ಮಾರಿದವನು "ರೇರ್ ಪೀಸ್ ಸಾರ್" ಅಂದ, ನಾನೂ ನಂಬಿದೆ. ಆಮೇಲೆ ರಿಪೇರಿ ಅಂಗಡಿಯ ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅರ್ಧ ನಿಮಿಷ ನೋಡಿ, "ಮಷೀನು ಎಚ್‌ಎಂಟೀದೇ, ಬಣ್ಣ ಮಾತ್ರ ಮೊನ್ನೆ ಹೊಡೆದಿದ್ದು" ಅಂದರು.

ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಜೊತೆ ಸೇರಿ. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚುವ ತೀರ್ಮಾನವಾಯಿತು. ಆಗಿನಿಂದ ಅದರ ಜನತಾ, ಪೈಲಟ್ ಮಾಡೆಲ್ ಅಂದರೆ ಎಲ್ಲರಿಗೂ ಆಸೆ. ಹಾಗಾಗಿ ಗುಜರಿಯಲ್ಲಿ ಬಿದ್ದಿದ್ದ ವಾಚಿಗೂ ಬಣ್ಣ ಬಳಿದು, ನಾಲ್ಕು ವಾಚಿನ ಬಿಡಿಭಾಗ ಸೇರಿಸಿ ಒಂದು ಮಾಡಿ ಮಾರುತ್ತಾರೆ.

ಮೊದಲು ಡಯಲ್ ನೋಡಿ, ಮೋಸ ಜಾಸ್ತಿ ಇರುವುದೇ ಅಲ್ಲಿ. ಪೈಲಟ್ ಅಂದರೆ ಸಾಮಾನ್ಯವಾಗಿ ಕಪ್ಪು ಡಯಲ್. ಗಿಳಿಹಸಿರು, ಕಿತ್ತಳೆ, ಆಕಾಶನೀಲಿ ಕಂಡರೆ ಅನುಮಾನ ಪಡಿ. ಭೂತಗನ್ನಡಿ ಇಲ್ಲದಿದ್ದರೆ ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ. ಕಾರ್ಖಾನೆಯ ಅಕ್ಷರದ ಅಂಚು ಚೂಪಾಗಿರುತ್ತದೆ. ಮತ್ತೆ ಬಳಿದಿದ್ದರಲ್ಲಿ ಮಸಿ ಸ್ವಲ್ಪ ಹರಡಿರುತ್ತದೆ, ಒಂದು ಅಕ್ಷರ ದಪ್ಪ, ಪಕ್ಕದ್ದು ಸಣ್ಣ. ಕೆಲವು ಜನತಾದಲ್ಲಿ ಹೆಸರು ಹಿಂದಿಯಲ್ಲಿರುತ್ತದೆ, ಅದರ ತಲೆಗೆರೆ ಎಲ್ಲಾದರೂ ಸೊಟ್ಟಗಾಗಿದೆಯಾ, ತುಂಡಾಗಿದೆಯಾ ನೋಡಿ. ಸುತ್ತಲಿನ ನಿಮಿಷದ ಗೆರೆಗಳು 12, 3, 6, 9ರ ಗುರುತಿಗೆ ನೇರವಾಗಿ ಕೂರಬೇಕು. ಮುಳ್ಳುಗಳೂ ಡಯಲಿನಷ್ಟೇ ಹಳೆಯದಾಗಿ ಕಾಣಬೇಕು, ನಿಮಿಷದ ಮುಳ್ಳು ಆ ಗೆರೆಗಳ ಹತ್ತಿರದವರೆಗೆ ಮುಟ್ಟಬೇಕು. ಗಿಡ್ಡ ಇದ್ದರೆ ಬೇರೆ ವಾಚಿನದ್ದು. ಐವತ್ತು ವರ್ಷದ ವಾಚಿಗೆ ಹೊಚ್ಚ ಹೊಸ ಮುಖ ಎಲ್ಲಿಂದ ಬರಬೇಕು ಹೇಳಿ? ಅಂಚು ಹಳದಿಯಾದ, ಒಂದೆರಡು ಕಲೆ ಇರುವ ಡಯಲ್ಲೇ ನನಗೆ ಇಷ್ಟ.

ಆಮೇಲೆ ಮುಚ್ಚಳ ತೆಗೆಸಿ. "ಸೀಲ್ಡ್ ಪೀಸ್, ತೆಗೆಯೋಕಾಗಲ್ಲ" ಅಂದರೆ ಸುಮ್ನೆ ಎದ್ದು ಬನ್ನಿ. ಒಳಗೆ ಮಷೀನಿನ ಮೇಲೆ ಎಚ್‌ಎಂಟಿ ಗುರುತು ಇದೆಯಾ, ಡಯಲಿನ ಮೇಲೆ 17 ಜುವೆಲ್ಸ್ (ಮಷೀನಿನ ಚಕ್ರಗಳ ಅಚ್ಚು ತಿರುಗುವ ಜಾಗದ ಸಣ್ಣ ಕಲ್ಲುಗಳು) ಅಂತಿದ್ದರೆ ಒಳಗೂ ಅಷ್ಟೇ ಬರೆದಿದೆಯಾ ನೋಡಿ. ಡಯಲಿನ ಮೇಲಿನ ಪ್ಯಾರಾಶಾಕ್ ಅನ್ನೋ ಮಾತು ಸಿಟಿಜನ್ ಕಡೆಯಿಂದ ಬಂದಿದ್ದು, ವಾಚ್ ಬಿದ್ದರೆ ಒಳಗಿನ ಸಣ್ಣ ಅಚ್ಚು ಮುರಿಯದ ಹಾಗೆ ಕಾಯುವ ವ್ಯವಸ್ಥೆಯ ಹೆಸರು ಅದು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಸಿಕ್ಕಸಿಕ್ಕವರು ಬಿಚ್ಚಿದ್ದಾರೆ ಅಂತ ಅರ್ಥ. ಕೀ, ಅಂದರೆ ಪಕ್ಕದಲ್ಲಿ ತಿರುಗಿಸುವ ಗುಂಡಿ, ಒಳಗೆ ಹೋಗುವ ಜಾಗದಲ್ಲಿ ತುಕ್ಕಿದ್ದರೆ ನೀರು ಹೊಕ್ಕಿದೆ.

ಸೆಕೆಂಡ್ ಮುಳ್ಳನ್ನೂ ಗಮನಿಸಿ. ಜನತಾ ಕೀ ಕೊಡುವ ವಾಚು, ಮುಳ್ಳು ಸೆಕೆಂಡಿಗೆ ಐದು ಸಲ ಸಣ್ಣಗೆ ಹೆಜ್ಜೆ ಹಾಕುತ್ತಾ ಸಾಗುತ್ತದೆ. ಸೆಕೆಂಡಿಗೊಮ್ಮೆ ಟಕ್ ಅಂತ ನೆಗೆದರೆ ಒಳಗಿರುವುದು ಬ್ಯಾಟರಿ ಮಷೀನು.

ಗಾಜು, ಬೆಲ್ಟು ಹೊಸದಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅವು ಸವೆಯುವಂಥವೇ. ಕೀ ಬದಲಾಗಿದ್ದರೂ ನಾನು ಕೊಳ್ಳುತ್ತೇನೆ, ರೇಟು ಇಳಿಸಿ. ಆದರೆ ಬೆಲ್ಟ್ ಸಿಕ್ಕಿಸುವ ಕಿವಿಗಳ ಅಂಚು ಸಾಬೂನಿನ ಹಾಗೆ ನುಣ್ಣಗಾಗಿ, ಹಿಂದಿನ ಬರಹವೂ ಮಾಸಿದ್ದರೆ ಅದನ್ನು ಸಿಕ್ಕಾಪಟ್ಟೆ ಪಾಲಿಶ್ ಮಾಡಿದ್ದಾರೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಡಯಲ್, ಮಷೀನು, ಹಿಂಬದಿ ಮೂರರ ಫೋಟೋನೂ ಕೇಳಿ, ಜೊತೆಗೆ ಓಡುತ್ತಿರುವ ವಿಡಿಯೋ. ಎದುರಿಗೇ ಕೊಳ್ಳುವುದಾದರೆ ಕೀ ಕೊಟ್ಟು, ಫೋನಿನ ಟೈಮಿಗೆ ಹೊಂದಿಸಿ, ಟೀ ಕುಡಿದು ಬನ್ನಿ. ಅಷ್ಟರಲ್ಲೇ ಎರಡು ನಿಮಿಷ ಹಿಂದೆ ಬಿದ್ದಿದ್ದರೆ ಸರ್ವೀಸಿನ ಖರ್ಚು ಕಳೆದು ಚೌಕಾಸಿ ಮಾಡಿ.